ಅಪಾಯ ಯಾರ ಮೈಯಲ್ಲಿದೆ?

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಗೆ ಸಿಕ್ಕುವ ಮರ್ಯಾದೆ ಎಂಥದೆಂದು ನಿಮಗೆ ಗೊತ್ತು. ಮರದಿಂದ ಇಳಿದ ಕಾಯಿ ಅಟ್ಟ ಹತ್ತುತ್ತದೆ. ಹತ್ತು ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗೇ ಇಂಗಬೇಕು. ತಿರುಳು ತಾನಾಗೇ ಚಿಪ್ಪು ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬರಬೇಕು. ಅಲ್ಲಿಗೆ ಅದು ಉಂಡೆ ಕೊಬ್ಬರಿ. ಅವಸರ ಮಾಡಿದರೆ ಕೆಡುತ್ತದೆ, ರೇಟು ಬೀಳುತ್ತದೆ ಅಂತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಯಜಮಾನರಿಗೆಲ್ಲ ಗೊತ್ತು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಈ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ತೇವ ಎಷ್ಟಿರಬೇಕು, ಗಾತ್ರ ಎಷ್ಟಿರಬೇಕು, ಎಲ್ಲಕ್ಕೂ ಅಳತೆ ಉಂಟು.

ಆ ಕಾಯಿ ಸುಲಿಯುವ ಮನುಷ್ಯ ಎದೆ ತುಂಬ ನ್ಯುಮೋನಿಯಾ ಹೊತ್ತು ಆಸ್ಪತ್ರೆಗೆ ಹೋಗಿ, ಬದುಕಿ, ಮನೆಗೆ ಬಂದ ಆರನೇ ದಿನಕ್ಕೆ ಯಜಮಾನರ ಮನೆಯಿಂದ ಹೇಳಿಕಳಿಸುತ್ತಾರೆ: "ಲಾರಿ ಬಂದೈತೆ, ಬಾ ಅನ್ನು."

ಕೊಬ್ಬರಿಗೆ ಹನ್ನೊಂದು ತಿಂಗಳು. ಮನುಷ್ಯನಿಗೆ ಆರು ದಿನ.

ಇದು ನಾನು ಪ್ರಾಸಕ್ಕೆ ಕಟ್ಟಿದ ಮಾತಲ್ಲ. ಆ ಮನುಷ್ಯ ನಮ್ಮಪ್ಪ. 2021ರ ಮೇ ತಿಂಗಳು. ಬಸ್ಸಿಲ್ಲ. ಏಪ್ರಿಲ್ ಕೊನೆಗೇ ಸರ್ಕಾರ ಬಸ್ಸು ನಿಲ್ಲಿಸಿತ್ತು. ಅಪ್ಪನಿಗೆ ಕೆಮ್ಮು, ಜ್ವರ, ಆಮೇಲೆ ಮಾತಾಡಿದರೆ ಏದುಸಿರು. ಕಾಯಿ ಸಾಗಿಸುವ ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಹೋದೆವು. ಒಂಬತ್ತು ದಿನ ಆಕ್ಸಿಜನ್ ಕೊಟ್ಟರು. ಬದುಕಿಸಿದರು. ಆ ಡಾಕ್ಟರು, ಆ ಸಿಸ್ಟರುಗಳು ಊಟ ನಿದ್ದೆ ಬಿಟ್ಟು ದುಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅವರ ಋಣ ನನ್ನ ಮೇಲಿದೆ. ಅದೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ 24 ಜನ ಸತ್ತಿದ್ದರು. ಆಕ್ಸಿಜನ್ ಅನ್ನುವ ಮಾತು ಕೇಳಿದರೇ ನಾವು ನಡುಗುತ್ತಿದ್ದ ಕಾಲ ಅದು. ಹಾಗಾಗಿ ಅಪ್ಪ ಎದ್ದು ಕೂತು "ಒಂಚೂರು ಟೀ ಕೊಡ್ಲಾ" ಅಂದಾಗ ಗೆದ್ದೆವು ಅಂದುಕೊಂಡೆವು.

ಮನೆಗೆ ಕಳಿಸುವಾಗ ಒಂದು ಚೀಟಿ ಕೊಟ್ಟರು. ಪೂರ್ತಿ ಇಂಗ್ಲಿಷು. ನಮ್ಮ ವಂಶದಲ್ಲಿ ಮೊದಲು ಇಂಗ್ಲಿಷು ಓದಿದವನು ನಾನು, ಅದೂ ಬಿ.ಎ.ದ ಇಂಗ್ಲಿಷು. ಅದರಲ್ಲಿ ಅರ್ಧ ನನಗೂ ಹತ್ತಲಿಲ್ಲ. ಐದು ದಿನದ ಮಾತ್ರೆ. "ರೆಸ್ಟ್ ತಗೊಳ್ಳಪ್ಪ, ಏನಾದ್ರೂ ಆದ್ರೆ ಬಾ" ಅಂದರು. ಏನಾದರೂ ಅಂದರೆ ಏನು? ಅಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದು ನಮ್ಮ ಜನಕ್ಕೆ ಇನ್ನೂ ಅಭ್ಯಾಸವಾಗಿಲ್ಲ.

ಆರನೇ ದಿನ ಲಾರಿ ಬಂತು. ಅಪ್ಪ ಹೋದ. ಯಾಕೆ ಹೋದೆ ಅಂತ ಕೇಳಬೇಡಿ. ಆಟೋ ಬಾಡಿಗೆಗೆ ಅದೇ ಮನೆಯಲ್ಲಿ ದುಡ್ಡು ಇಸ್ಕೊಂಡಿದ್ದೆವು. ಸುಲಿಯುವ ಕೂಲಿ ದಿನದ ಲೆಕ್ಕವಲ್ಲ, ಸಾವಿರ ಕಾಯಿಗೆ ಇಷ್ಟು ಅಂತ. ಉಸಿರು ಸಣ್ಣಗಾದರೆ ಕೂಲಿಯೂ ಸಣ್ಣಗಾಗುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ವರ್ಷ ಒಣಗಿದ ಕಾಯಿ ಚುಚ್ಚಿ ತಿರುವಿದಾಗ ಏಳುವ ಧೂಳು ಎಂಥದೆಂದು ನೋಡಿದವರಿಗೇ ಗೊತ್ತು. ಅದು ಮಣ್ಣಿನ ಧೂಳಲ್ಲ. ಹಿಟ್ಟಿನ ಹಾಗೆ, ಸಣ್ಣ ನಾರು, ಬೂಸಲು, ಹಲ್ಲಿ ಜಿರಲೆಗಳ ಕಸ. ಮೂರು ದಿನ ಸುಲಿದ. ಒಂಬತ್ತನೇ ರಾತ್ರಿ ಗೋಡೆಗೆ ಒರಗಿ ಕೂತವನು ಮಲಗಲೇ ಇಲ್ಲ. ಬೆಳಗ್ಗೆ ತುಟಿ ನೀಲಿಗಟ್ಟಿತ್ತು.

ಮತ್ತೆ ಅದೇ ಆಟೋ. ಅದೇ ಗೋಣಿಚೀಲ. ಅದೇ ಆಸ್ಪತ್ರೆ. ಅಲ್ಲಿ ಹೊಸ ಕೇಸ್‌ಶೀಟು ಬರೆದು ಹೊಸ ನಂಬರು ಕೊಟ್ಟರು. "ಹೋದ ವಾರ ಇಲ್ಲೇ ಇದ್ರು ಸಾರ್" ಅಂದೆ. "ಅದು ಕ್ಲೋಸ್ ಆಯ್ತು ಕಣಪ್ಪ, ಇದು ಬೇರೆ" ಅಂದರು.

ಗೆಳೆಯರೆ, ನಾನು ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಇದು ಬೇರೆ! ಆ ರಿಜಿಸ್ಟರಿನ ಪ್ರಕಾರ ಮೇ ತಿಂಗಳಲ್ಲಿ ಇಬ್ಬರು ಬಂದಿದ್ದರು. ಮೊದಲನೆಯವನು ಗುಣವಾಗಿ ಹೋದ. ಎರಡನೆಯವನು ಎಲ್ಲಿಂದಲೋ ಹೊಸದಾಗಿ ಬಂದ. ಗುಣವಾದವರ ಲೆಕ್ಕಕ್ಕೆ ನಮ್ಮಪ್ಪ ಸಂದಾಯವಾಗಿದ್ದ. ಮರಳಿ ಬಂದವರು ಅನ್ನುವ ಪಟ್ಟಿಯೇ ಆ ಪುಸ್ತಕದಲ್ಲಿ ಇರಲಿಲ್ಲ. ಪಟ್ಟಿ ಇಲ್ಲದ ಮೇಲೆ ಯಾಕೆ ಮರಳಿ ಬಂದರು ಅನ್ನುವ ಪ್ರಶ್ನೆ ಎಲ್ಲಿಂದ ಹುಟ್ಟಬೇಕು?

ಹೊರಗಿನ ದೇಶಗಳಲ್ಲಿ ಹುಟ್ಟಿದೆ. ಲೆಕ್ಕ ಇಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ 2020ರ ಆಗಸ್ಟ್ ಕೊನೆಯೊಳಗೆ ಕೋವಿಡ್ಡಿನಿಂದ ಆಸ್ಪತ್ರೆ ಸೇರಿ ಜೀವಂತ ಮನೆಗೆ ಹೋದ 47,780 ಜನರನ್ನು ಸರಾಸರಿ 140 ದಿನ ಹಿಂಬಾಲಿಸಿ ನೋಡಿದರು. ನೂರಕ್ಕೆ 29 ಮಂದಿ ಮತ್ತೆ ಆಸ್ಪತ್ರೆ ಸೇರಿದ್ದರು. ನೂರಕ್ಕೆ 12 ಮಂದಿ ಸತ್ತಿದ್ದರು. ಅಮೆರಿಕದಲ್ಲಿ ಅದೇ ವರ್ಷ ಬಿಡುಗಡೆಯಾದ ಒಂದು ಲಕ್ಷಕ್ಕೂ ಮೇಲ್ಪಟ್ಟವರಲ್ಲಿ ನೂರಕ್ಕೆ 9 ಮಂದಿ ಎರಡು ತಿಂಗಳೊಳಗೆ ಅದೇ ಆಸ್ಪತ್ರೆಗೆ ವಾಪಸು ಬಂದರು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳ ಲೆಕ್ಕ ಇನ್ನೂ ಕೆಟ್ಟದು. ಬದುಕಿ ಹೊರಬಂದವರಲ್ಲಿ ನೂರಕ್ಕೆ 27 ಮಂದಿ ಅರವತ್ತು ದಿನದೊಳಗೆ ಒಂದೋ ಮತ್ತೆ ಸೇರಿದ್ದರು, ಇಲ್ಲವೋ ಸತ್ತಿದ್ದರು. ಮೊದಲ ಹತ್ತು ದಿನವೇ ಬಲು ಕೆಟ್ಟದ್ದು ಅಂತಲೂ ಅವರು ಬರೆದರು. ನಮ್ಮಪ್ಪ ಒಂಬತ್ತನೇ ರಾತ್ರಿ ಗೋಡೆಗೆ ಒರಗಿದ್ದು ನೆನಪಿರಲಿ.

ಇವೆಲ್ಲ ಲಸಿಕೆ ಬರುವ ಮುಂಚಿನ ಲೆಕ್ಕ. ಲಸಿಕೆ ಬಂದ ಮೇಲೆ ಚಿತ್ರ ಬದಲಾಯಿತು, ಅದನ್ನೂ ಹೇಳಬೇಕು. ನಮ್ಮ ದೇಶದಲ್ಲೇ ಐ.ಸಿ.ಎಂ.ಆರ್. 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಜನರನ್ನು ಒಂದು ವರ್ಷ ಫೋನಿನ ಮೂಲಕ ವಿಚಾರಿಸಿ 2023ರಲ್ಲಿ ವರದಿ ಪ್ರಕಟಿಸಿತು. ನೂರಕ್ಕೆ ಆರೂವರೆ ಮಂದಿ ವರ್ಷದೊಳಗೆ ತೀರಿಹೋಗಿದ್ದರು. ಮುಂಚೆ ಒಂದು ಸೂಜಿಯಾದರೂ ಹಾಕಿಸಿಕೊಂಡಿದ್ದವರಲ್ಲಿ ಆ ಸಾವು ಬಹಳ ಕಡಿಮೆ. ನಮ್ಮ ಹಟ್ಟಿಯಲ್ಲಿ ಸೂಜಿ ಹಾಕಿಸಿಕೊಂಡರೆ ಗಂಡಸುತನ ಹೋಗ್ತದೆ ಅಂತ ಹಬ್ಬಿಸಿದ ಮಹಾನುಭಾವರು ಇದನ್ನು ಓದಲಿ. ಅದನ್ನು ನಂಬಿ ಆಶಾ ಅಕ್ಕನನ್ನು ಕಂಡು ಹಿತ್ತಲಿಗೆ ಓಡಿದ ನಮ್ಮವರೂ ಓದಲಿ.

ಸರಿ, ಯಾರು ಮರಳಿ ಬರುತ್ತಾರೆ? ಅದಕ್ಕೆ ಡಾಕ್ಟರುಗಳ ಬಳಿ ಒಂದು ಪದ ಇದೆ: ರಿಸ್ಕ್ ಫ್ಯಾಕ್ಟರ್. ಅಪಾಯದ ಅಂಶ. ಅರವತ್ತೈದು ದಾಟಿದ ವಯಸ್ಸು. ಸಕ್ಕರೆ ಕಾಯಿಲೆ. ಮೂತ್ರಪಿಂಡದ ರೋಗ. ಬಹುಕಾಲದ ದಮ್ಮು, ಅಂದರೆ ಸಿ.ಓ.ಪಿ.ಡಿ. ಹೃದಯದ ಸೋಲು. ಬೊಜ್ಜು. ಹಿಂದಿನ ಮೂರು ತಿಂಗಳಲ್ಲೇ ಒಂದು ಸಲ ಆಸ್ಪತ್ರೆ ಸೇರಿದ್ದು. ಅಮೆರಿಕದ ಆ ಲೆಕ್ಕದಲ್ಲಿ ಕಂಡದ್ದು ಇವೇ. ಇದರಲ್ಲಿ ಸುಳ್ಳಿಲ್ಲ. ವಿಜ್ಞಾನಕ್ಕೆ ಕಲ್ಲು ಹೊಡೆಯುವ ಬಂಡಾಯ ನನ್ನದಲ್ಲ. ಶ್ವಾಸಕೋಶಕ್ಕೆ ವೈರಸ್ಸು ನುಗ್ಗಿ ಹೋದ ಮೇಲೂ ಅದು ಕೆಡಿಸಿದ ಜಾಗ ಕೆಟ್ಟೇ ಇರುತ್ತದೆ. ಕೆರೆ ಬತ್ತಿದ ಮೇಲೆ ಬಿರಿದ ನೆಲದ ಹಾಗೆ. ಅಲ್ಲಿಗೆ ಬ್ಯಾಕ್ಟೀರಿಯಾ ನುಗ್ಗಿ ಎರಡನೇ ನ್ಯುಮೋನಿಯಾ ಆಗಬಹುದು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ನಾಳಕ್ಕೆ ಅಡ್ಡ ಕೂರಬಹುದು. ಫ್ಲೂ ಜ್ವರದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಆರು ಪಟ್ಟು ಏರುತ್ತದೆ ಅಂತ 2018ರಲ್ಲಿ ಕೆನಡಾದ ಒಂಟಾರಿಯೊದವರು ತೋರಿಸಿದರು. ಆಕ್ಸಿಜನ್ನಿನ ಮೇಲಿದ್ದವರ ಜೀವ ಉಳಿಸಿದ ಸ್ಟೀರಾಯ್ಡ್ ಮದ್ದೇ ರಕ್ತದ ಸಕ್ಕರೆಯನ್ನು ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಅಂತ ಕಣ್ಣು, ದವಡೆ ಕಳಕೊಂಡವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ತಗೊಂಡವರು. ಅಪ್ಪ ಎರಡನೇ ಸಲ ಹೋದಾಗ ಸಕ್ಕರೆ ನಾನೂರು ದಾಟಿತ್ತು. ಅವನಿಗೆ ಸಕ್ಕರೆ ಇದೆ ಅನ್ನುವುದು ನಮಗೆ ಗೊತ್ತಾದದ್ದೇ ಆವತ್ತು. ಐವತ್ತೆರಡು ವರ್ಷ ಆ ಮೈಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ದುಡಿಸಿಕೊಂಡಿದ್ದರು, ಅಷ್ಟೇ.

ಪಟ್ಟಿ ನಿಜ. ನನ್ನ ಜಗಳ ಪಟ್ಟಿ ನಿಲ್ಲುವ ಜಾಗದ ಮೇಲೆ. ಅಪಾಯವನ್ನೆಲ್ಲ ಅದು ರೋಗಿಯ ಚರ್ಮದೊಳಗೆ ತುಂಬಿ ಹೊಲಿದುಬಿಡುತ್ತದೆ. ವಯಸ್ಸು ಅವನದು, ಸಕ್ಕರೆ ಅವನದು, ದಮ್ಮು ಅವನದು. ಅವನು ಯಾವ ಮನೆಗೆ ಹೋಗುತ್ತಾನೆ, ಆ ಮನೆಯ ಒಲೆಯಲ್ಲಿ ಏನು ಉರಿಯುತ್ತದೆ, ಎಷ್ಟನೇ ದಿನ ಯಾರು ಅವನನ್ನು ಕೂಲಿಗೆ ಕರೆಯುತ್ತಾರೆ, ಇದು ಯಾರ ಪಟ್ಟಿ?

ನಮ್ಮ ಚಿಕ್ಕವ್ವನ ಕತೆ ಹೇಳುತ್ತೇನೆ. ಚಿಕ್ಕನಾಯಕನಹಳ್ಳಿ ಕಡೆಗೆ ಕೊಟ್ಟ ಹೆಣ್ಣುಮಗಳು. ನಾರಿನ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ದುಡಿದಳು. ಮೆಷಿನ್ನಿನಿಂದ ನಾರು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುತ್ತದೆ. ಆ ಹೊಟ್ಟನ್ನು ಬಾಚುವವರು ಹೆಂಗಸರು. ಸೀರೆ ಸೆರಗೇ ಮಾಸ್ಕು. ಅದಕ್ಕೂ ಮೊದಲು ಆ ತಾಲ್ಲೂಕಿನ ಗಣಿ ಲಾರಿಗಳ ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಕಬ್ಬಿಣದ ಗಣಿಗಳನ್ನು ನಿಲ್ಲಿಸುವ ಹೊತ್ತಿಗೆ ರಸ್ತೆ ಬದಿಯ ತೆಂಗಿನ ಗರಿಗಳೇ ಕೆಂಪಾಗಿದ್ದವು. ಗರಿಗಳನ್ನು ಮಳೆ ತೊಳೆಯಿತು. ಎದೆಯನ್ನು ಯಾವ ಮಳೆ ತೊಳೆದೀತು?

ಮನೆಗೆ ಬಂದರೆ ಒಲೆ. ತೆಂಗಿನ ನಾಡಿನಲ್ಲಿ ಸೌದೆಗೇನು ಬರ ಅಂತ ಪೇಟೆಯವರು ಕೇಳುತ್ತಾರೆ. ಕೇಳಿ ಸ್ವಾಮಿ: ಚಿಪ್ಪು ಚೆನ್ನಾಗಿ ಉರಿಯುತ್ತದೆ, ಹೊಗೆ ಕಡಿಮೆ. ಅದನ್ನು ಯಜಮಾನರು ಇದ್ದಿಲು ಸುಡುವವರಿಗೆ ಮಾರುತ್ತಾರೆ. ಒಣಗಿದ ಮಟ್ಟೆ ನಾರಿನ ಫ್ಯಾಕ್ಟರಿಗೆ ಹೋಗುತ್ತದೆ. ಕೂಲಿಯವರಿಗೆ ಉಳಿಯುವುದು ಮಳೆಯಲ್ಲಿ ನೆಂದ ಮಟ್ಟೆ, ಹಸಿ ಸೋಗೆ. ಊದಿ ಊದಿ ಹೊತ್ತಿಸಬೇಕು. 2016ರಲ್ಲಿ ಉಜ್ವಲ ಅಂತ ಬಂತು, ಚಿಕ್ಕವ್ವನ ಮನೆಗೂ ಸಿಲಿಂಡರು ಬಂತು. ಖಾಲಿಯಾದ ಮೇಲೆ ಅದರ ಮೇಲೆ ರಾಗಿ ಚೀಲ ಇಟ್ಟಿದ್ದಳು.

2023ರ ಚಳಿಗಾಲದಲ್ಲಿ ಅವಳಿಗೆ ಫ್ಲೂ ಬಂತು. ಕೋವಿಡ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮೇ 5ರಂದೇ ಕೋವಿಡ್ ತುರ್ತು ಸ್ಥಿತಿ ಮುಗಿಯಿತು ಅಂತ ಸಾರಿತ್ತು. ಪತ್ರಿಕೆಗಳಲ್ಲಿ ಮುಗಿಯಿತು. ಎದೆಗೆ ಬರುವ ವೈರಸ್ಸುಗಳು ಒಂದೆರಡೇ? ಆಸ್ಪತ್ರೆಯಲ್ಲಿ ಕೇಳಿದರು: "ಬೀಡಿ ಸೇದ್ತೀಯೇನಮ್ಮ?" ಚಿಕ್ಕವ್ವ ಆ ದಮ್ಮಿನಲ್ಲೂ ನಕ್ಕಳು. "ಅಯ್ಯೋ ಶಿವನೇ, ಇಲ್ಲ ಕಣಪ್ಪ." ಚೀಟಿಯಲ್ಲಿ ಬರೆದರು: ನಾನ್ ಸ್ಮೋಕರ್. ನಲವತ್ತು ವರ್ಷ ದಿನಕ್ಕೆ ಎರಡು ಹೊತ್ತು ಒಲೆಯನ್ನು ಸೇದಿದವಳು ನಾನ್ ಸ್ಮೋಕರ್! ಬೀಡಿ ಮುಟ್ಟದ ಹೆಂಗಸರಿಗೆ ಒಲೆಯ ಹೊಗೆಯಿಂದಲೇ ಸಿ.ಓ.ಪಿ.ಡಿ. ಬರುತ್ತದೆ ಅನ್ನುವುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ, ಪುಸ್ತಕದಲ್ಲಿ ಇದೆ. ಕೇಳುವ ನಾಲಗೆಗೆ ಅದು ಇಳಿದಿಲ್ಲ. ಐದು ದಿನಕ್ಕೆ ಗುಣವಾಗಿ ಅದೇ ಒಲೆಯ ಮುಂದೆ ಬಂದು ಕೂತಳು. ಹದಿನೆಂಟು ದಿನಕ್ಕೆ ಮತ್ತೆ. ಮೂರನೇ ಸಲ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಎಪ್ಪತ್ತು ಕಿಲೋಮೀಟರಿನ ದಾರಿ. ಅಲ್ಲಿ ಸತ್ತಳು.

ಸಾವಿನ ಕಾರಣ ಅಂತ ಏನು ಬರೆದರೋ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೂ ಇಂಗ್ಲಿಷಿನಲ್ಲೇ ಇತ್ತು.

ಈಗ ಬೆರಳಿಗೆ ಸಿಕ್ಕಿಸುವ ಆ ಚಿಕ್ಕ ಯಂತ್ರದ ವಿಷಯ. ಆಕ್ಸಿಮೀಟರು. ತೊಂಬತ್ತನಾಲ್ಕು ತೋರಿಸಿದರೆ ಮನೆಗೆ, ಎಂಬತ್ತೆಂಟು ತೋರಿಸಿದರೆ ಹಾಸಿಗೆ. ಯಂತ್ರಕ್ಕೆ ಜಾತಿ ಇಲ್ಲ ಅಂತ ನಂಬಿದ್ದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಹೊರಹಾಕಿದರು. ಯಂತ್ರ 92ರಿಂದ 96 ತೋರಿಸುತ್ತಿರುವಾಗ ರಕ್ತ ತೆಗೆದು ನೋಡಿದರೆ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ನೂರಕ್ಕೆ ಸುಮಾರು 4, ಕರಿಯರಲ್ಲಿ ನೂರಕ್ಕೆ ಸುಮಾರು 12. ಮೂರು ಪಟ್ಟು! ಬೆಳಕು ಹಾಯಿಸಿ ಅಳೆಯುವ ಯಂತ್ರಕ್ಕೆ ಕಪ್ಪು ಚರ್ಮದಲ್ಲಿ ಲೆಕ್ಕ ತಪ್ಪುತ್ತದೆ, ಇಲ್ಲದ ಆಮ್ಲಜನಕವನ್ನು ಇದೆ ಅನ್ನುತ್ತದೆ. ಹೀಗೆ ಯಂತ್ರ ಮೋಸ ಮಾಡಿದ ರೋಗಿಗಳು ಮತ್ತೆ ಆಸ್ಪತ್ರೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಮೀರಿ ಹೆಚ್ಚು ಅಂತ 2023ರ ಇನ್ನೊಂದು ಅಮೆರಿಕದ ಲೆಕ್ಕ ಹೇಳಿತು. ಬಿಸಿಲಲ್ಲಿ ಬೆಂದ ನಮ್ಮ ಕೂಲಿಗಳ ಬೆರಳು ಎಂಥ ಬಣ್ಣದ್ದು? ಸುಲಿದು ಸುಲಿದು ಜಡ್ಡುಗಟ್ಟಿದ ಆ ಬೆರಳಿನಲ್ಲಿ ಯಂತ್ರ ಬರೆದ ಅಂಕಿಯನ್ನು ನಂಬಿ ಮನೆಗೆ ಕಳಿಸುವಾಗ ಒಂದು ಸಲ ನಡೆಸಿ ನೋಡಿದಿರಾ? ಆರು ನಿಮಿಷ ನಡೆಸಿ ಆಮೇಲೆ ಅಳೆಯುವ ಪರೀಕ್ಷೆ ಉಂಟು. ದುಡ್ಡು ಬೇಕಿಲ್ಲ, ವರಾಂಡ ಇದ್ದರೆ ಸಾಕು. ಮಲಗಿದವನ ಉಸಿರು ಬೇರೆ, ಸಾವಿರ ಕಾಯಿ ಸುಲಿಯುವವನ ಉಸಿರು ಬೇರೆ.

ಇಷ್ಟು ಹೇಳಿದಾಗ ನನಗೆ ಪರಿಚಯದ ಒಬ್ಬ ಯುವ ಡಾಕ್ಟರು ಸಿಟ್ಟಾದರು. ಒಳ್ಳೆಯ ಮನುಷ್ಯ, ಹಳ್ಳಿಯಿಂದಲೇ ಬಂದವರು. "ನಿಮ್ಮ ಒಲೆಗೆ ನಾನು ಏನು ಮಾಡ್ಲಿ ಹೇಳಿ? ನಿಮ್ಮ ಗೌಡ್ರು ಕೂಲಿಗೆ ಕರೆದ್ರೆ ನಾನು ಹೋಗಿ ತಡೀಲಾ? ಹೊರಗೆ ನೂರು ಜನ ನಿಂತಿದ್ದಾರೆ." ನ್ಯಾಯವಾದ ಮಾತು. ನಿಮ್ಮೊಬ್ಬರ ಮೇಲೆ ನನ್ನ ತಕರಾರಿಲ್ಲ ಡಾಕ್ಟ್ರೇ. ನೀವು ತಡೆಯಬೇಡಿ. ಬರೆಯಿರಿ. "ಕೆಲಸ: ಕಾಯಿ ಸುಲಿಯುವುದು. ಒಲೆ: ಸೌದೆ. ಮನೆಯಲ್ಲಿ ನೋಡಿಕೊಳ್ಳುವವರು: ಇಲ್ಲ. ಆರು ವಾರ ಧೂಳಿನ ಕೆಲಸ ಕೂಡದು." ಕನ್ನಡದಲ್ಲಿ ಬರೆದು ಸೀಲು ಒತ್ತಿ. ಆ ಕಾಗದ ಹಿಡಕೊಂಡು ಜಗಳ ಆಡುವುದು ನಮ್ಮ ಕೆಲಸ. ಇವತ್ತು ನಮ್ಮ ಕೈಯಲ್ಲಿ ಆ ಕಾಗದವೂ ಇಲ್ಲ.

ಬರೆದದ್ದಕ್ಕೆ ಬಲ ಬರುವುದು ಹೇಗೆಂದು ಅಮೆರಿಕದಿಂದಲೇ ನೋಡಬಹುದು. ಅಲ್ಲಿ 2012ರಿಂದ ಒಂದು ಕಾನೂನಿದೆ. ನ್ಯುಮೋನಿಯಾ, ಹೃದಯದ ಸೋಲು ಮೊದಲಾದ ಕಾಯಿಲೆಗಳಲ್ಲಿ ಬಿಡುಗಡೆಯಾದ ಮೂವತ್ತು ದಿನದೊಳಗೆ ರೋಗಿಗಳು ಅತಿಯಾಗಿ ವಾಪಸು ಬಂದರೆ ಸರ್ಕಾರ ಆ ಆಸ್ಪತ್ರೆಗೆ ಕೊಡುವ ದುಡ್ಡಿನಲ್ಲಿ ಕಡಿತ ಮಾಡುತ್ತದೆ. ಕೇಳಲು ಚಂದ. ಆದರೆ ದಂಡ ಜಾಸ್ತಿ ಬಿದ್ದದ್ದು ಬಡವರನ್ನು ನೋಡುವ ಆಸ್ಪತ್ರೆಗಳಿಗೇ! ಯಾಕೆಂದರೆ ಬಡವರೇ ಹೆಚ್ಚು ಮರಳಿ ಬರುತ್ತಾರೆ. ಏಳು ವರ್ಷ ಕಿತ್ತಾಡಿ, 2019ರಿಂದ ಬಡ ರೋಗಿಗಳು ಹೆಚ್ಚಿರುವ ಆಸ್ಪತ್ರೆಯನ್ನು ಅಂಥದೇ ಆಸ್ಪತ್ರೆಗಳ ಜೊತೆ ಮಾತ್ರ ಹೋಲಿಸುವುದು ಅಂತ ತಿದ್ದಿದರು. ಅಂದರೇನಾಯಿತು? ಬಡತನವೂ ಒಂದು ಅಪಾಯದ ಅಂಶ ಅಂತ ಬಂಡವಾಳಶಾಹಿಯ ತವರೇ ತನ್ನ ಲೆಕ್ಕದ ಪುಸ್ತಕದಲ್ಲಿ ಒಪ್ಪಿಕೊಂಡಿತು. ಆ ಕಾನೂನನ್ನು ಇಲ್ಲಿಗೆ ತನ್ನಿ ಅಂತ ನಾನು ಹೇಳುತ್ತಿಲ್ಲ. ತಂದರೆ ಮೊದಲು ದಂಡ ಕಟ್ಟುವುದು ನಮ್ಮ ತಾಲ್ಲೂಕು ಆಸ್ಪತ್ರೆ. ಆಮೇಲೆ ನಮ್ಮಂಥವರನ್ನು ಸೇರಿಸಿಕೊಳ್ಳುವುದಕ್ಕೇ ಹಿಂದೆಮುಂದೆ ನೋಡುತ್ತಾರೆ. ಮರಳಿ ಬಂದವನನ್ನು ಮರಳಿ ಬಂದವನು ಅಂತ ಬರೆಯಿರಿ, ನಾನು ಕೇಳುವುದು ಅಷ್ಟು.

ನಮ್ಮ ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. 108 ಇದೆ, 2008ರಿಂದ ಇದೆ. ಕರೆದರೆ ಬರುತ್ತದೆ, ಆಸ್ಪತ್ರೆಗೆ ಒಯ್ಯುತ್ತದೆ. ಮನೆಗೆ ಬಿಡುವುದು ಅದರ ಕೆಲಸವಲ್ಲ. ಬಾಣಂತಿಯನ್ನು ಮನೆ ಮುಟ್ಟಿಸಲು ನಗು-ಮಗು ಅಂತ ಗಾಡಿ ಮಾಡಿದ್ದಾರೆ. ಒಳ್ಳೆಯದು. ಉಸಿರಿಗೆ ಮೇಲುಸಿರು ಬಿಡುವವನು ಬಸ್‌ಸ್ಟಾಂಡಿನ ತನಕ ನಡೆಯಬೇಕು. ಆಯುಷ್ಮಾನ್ ಕಾರ್ಡು ಇದೆ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಬಿಡುಗಡೆಯ ನಂತರ 15 ದಿನದ ಔಷಧಿ, ತಪಾಸಣೆ ಅದರಲ್ಲೇ ಸೇರಿದೆ ಅಂತ ನಿಯಮ ಹೇಳುತ್ತದೆ. ಎಷ್ಟು ಜನಕ್ಕೆ ಗೊತ್ತು? ಕೇಳಿ ಪಡೆಯಿರಿ, ಅದು ಧರ್ಮವಲ್ಲ, ನಿಮ್ಮ ಹಕ್ಕು. ಆದರೆ ಇಂಗ್ಲೆಂಡಿನವರು 140 ದಿನ ನೋಡಿದರು, ಐ.ಸಿ.ಎಂ.ಆರ್. ಒಂದು ವರ್ಷ ನೋಡಿತು. ಹದಿನಾರನೇ ದಿನದಿಂದ ಕೂಲಿಯವನ ಗತಿಯೇನು?

ಕೂಲಿ! ಎಲ್ಲ ಬಂದು ನಿಲ್ಲುವುದು ಅಲ್ಲಿ. ಹತ್ತು ಜನ ದುಡಿಯುವ ಫ್ಯಾಕ್ಟರಿ ಆದರೆ ಇ.ಎಸ್.ಐ. ಕಾನೂನಿದೆ. ಕಾಯಿಲೆ ಬಿದ್ದವನಿಗೆ ವರ್ಷಕ್ಕೆ 91 ದಿನದ ತನಕ ನೂರಕ್ಕೆ 70ರಷ್ಟು ಕೂಲಿ ಕೊಡಬೇಕು. ಮಲಗಿದ್ದಾಗಲೂ ಕೂಲಿ! ಕೇಳಿದರೆ ನಮ್ಮವರು ನಗುತ್ತಾರೆ. ಹತ್ತು ಜನ ಮೀರಿದ ನಾರಿನ ಫ್ಯಾಕ್ಟರಿಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಂಗಸರ ಹೆಸರಿದೆ ಅಂತ ಒಮ್ಮೆ ಹೋಗಿ ನೋಡಿ. ತೋಟದ ಅಟ್ಟದ ಕೆಳಗೆ ಸುಲಿಯುವವನಿಗಂತೂ ಪುಸ್ತಕವೇ ಇಲ್ಲ. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಟ್ಟಿತು, 2024ರ ನವೆಂಬರಿನಿಂದ ಅದು 1,000 ಆಯಿತು. ಕಾಯಿಲೆಗೆ ಮದ್ದೊಂದೇ ಸಾಲದು, ಅನ್ನವೂ ಬೇಕು ಅಂತ ಸರ್ಕಾರವೇ ಒಪ್ಪಿದ ದಾಖಲೆ ಇದು. ಕ್ಷಯದ ಶ್ವಾಸಕೋಶಕ್ಕೆ ಒಪ್ಪಿದ್ದನ್ನು ನ್ಯುಮೋನಿಯಾದ ಶ್ವಾಸಕೋಶಕ್ಕೆ ಯಾಕೆ ಒಪ್ಪಬಾರದು? ಆರು ವಾರದ ಕೂಲಿ ಕೊಡಿ. ಎರಡನೇ ಸಲ ಹದಿನೈದು ದಿನ ಹಾಸಿಗೆ, ಆಕ್ಸಿಜನ್, ಇಂಜೆಕ್ಷನ್ ಕೊಡುವ ಖರ್ಚಿಗಿಂತ ಅದು ಕಡಿಮೆಯೇ ಆದೀತು. ಲೆಕ್ಕದ ಭಾಷೆ ಮಾತ್ರ ತಿಳಿಯುವವರಿಗೆ ಲೆಕ್ಕದಲ್ಲೇ ಹೇಳುತ್ತಿದ್ದೇನೆ.

ಮನೆಗೆ ಬಂದವನನ್ನು ಮೂರನೇ ದಿನ, ಹತ್ತನೇ ದಿನ ನೋಡಲು ಯಾರು ಬರಬೇಕು? ಆಶಾ ಅಕ್ಕನೇ ಬರಬೇಕು, ಬೇರೆ ಯಾರಿದ್ದಾರೆ? 2025ರ ಜನವರಿ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದು ತಿಂಗಳಿಗೆ ಇಷ್ಟು ದುಡ್ಡು ಅಂತ ಖಾತ್ರಿಯಾಗಿ ಕೊಡಿ ಅಂತ. ಅವರ ಹೊಟ್ಟೆಗೆ ಖಾತ್ರಿ ಇಲ್ಲದೆ ನಮ್ಮ ಉಸಿರಿಗೆ ಖಾತ್ರಿ ಕೇಳುವುದು ನಾಚಿಕೆಗೇಡು. ಅವರ ಹೋರಾಟ ಬೇರೆ, ನಮ್ಮದು ಬೇರೆ ಅಂದುಕೊಂಡ ಸಂಘಟನೆಯ ಗೆಳೆಯರು ಇದನ್ನು ಯೋಚಿಸಬೇಕು.

ನಮ್ಮ ಮೇಲೂ ನನಗೆ ಸಿಟ್ಟಿದೆ. ಕೊಬ್ಬರಿ ಬೆಲೆ ಬಿದ್ದಾಗ ರೈತರ ಜೊತೆ ತಿಪಟೂರಿನಲ್ಲಿ ರಸ್ತೆಗೆ ಇಳಿದೆವು, ಇಳಿಯಬೇಕಾದ್ದೇ. ಆ ಸಭೆಯಲ್ಲಿ ಸುಲಿಯುವವನ ಎದೆಯ ಮಾತು ಒಂದಾದರೂ ಬಂತೇ? ನಾನೂ ಅಲ್ಲೇ ಇದ್ದೆ, ಹಾಡು ಹೇಳಿದೆ, ಆ ಮಾತೆತ್ತಲಿಲ್ಲ. ನಮ್ಮ ಕೇರಿಯಲ್ಲಿ ಬೀಡಿ ಬಿಡದವರು, ಬಿಡುಗಡೆಯಾದ ಸಂಜೆಯೇ ಸಾರಾಯಿ ಅಂಗಡಿ ಮುಂದೆ ಕೂರುವವರು, ದಮ್ಮಿಗೆ ಇನ್‌ಹೇಲರ್ ಇಟ್ಟರೆ ಚಟವಾಗ್ತದೆ ಅಂತ ಹಿತ್ತಲಿಗೆಸೆಯುವವರು ಇಲ್ಲವೇ? ಇದ್ದಾರೆ. ವ್ಯವಸ್ಥೆಯನ್ನು ಬಯ್ಯುವ ಬಾಯಲ್ಲೇ ಇದನ್ನೂ ಹೇಳಬೇಕು. ಆದರೆ ಚೀಟಿಯನ್ನು ಓದಲಾಗದ ಭಾಷೆಯಲ್ಲಿ ಬರೆದುಕೊಟ್ಟು, ಆಮೇಲೆ "ಇವರು ಹೇಳಿದ ಮಾತು ಕೇಳಲ್ಲ" ಅನ್ನುವ ಭಂಡತನವನ್ನು ನಾನು ಒಪ್ಪುವುದಿಲ್ಲ.

ಹಳ್ಳಿಯ ಮೇಷ್ಟರುಗಳಲ್ಲಿ, ಕಾಲೇಜು ಗೆಳೆಯರಲ್ಲಿ ಒಂದು ಕೆಲಸ ಕೇಳುತ್ತೇನೆ. ನಿಮ್ಮೂರಿನ ಕೇರಿಯಲ್ಲಿ ಯಾರಾದರೂ ಜ್ವರ, ಕೆಮ್ಮು, ನ್ಯುಮೋನಿಯಾ ಅಂತ ಆಸ್ಪತ್ರೆಗೆ ಹೋಗಿ ಬಂದರೆ ಅವರ ಚೀಟಿ ಇಸ್ಕೊಂಡು ಓದಿ ಹೇಳಿ. ಮಾತ್ರೆ ಎಷ್ಟು ದಿನ, ಸಕ್ಕರೆ ಮತ್ತೆ ಯಾವಾಗ ನೋಡಬೇಕು, ವಾಪಸು ಬಾ ಅಂದ ತಾರೀಕು ಯಾವುದು. ಮೇಲುಸಿರು, ಎದೆ ನೋವು, ತುಟಿ ನೀಲಿಯಾಗುವುದು, ಒಂದು ಕಾಲು ಮಾತ್ರ ಬಾವು ಬಂದು ನೋಯುವುದು, ಇದ್ದಕ್ಕಿದ್ದಂತೆ ಮಂಕು ಬಡಿಯುವುದು, ಇಳಿದ ಜ್ವರ ಮತ್ತೆ ಏರುವುದು: ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ ಅಂತ ತಿಳಿಸಿ. ಮರಳಿ ಹೋದವರು ಎಷ್ಟನೇ ದಿನ ಹೋದರು, ನಡುವೆ ಏನು ಕೆಲಸ ಮಾಡಿದರು, ಅದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಹೊನ್ನವಳ್ಳಿಯಲ್ಲಿ ಒಂದು, ದಂಡಿನಶಿವರದಲ್ಲಿ ಒಂದು, ಹುಳಿಯಾರಿನಲ್ಲಿ ಒಂದು ನೋಟುಬುಕ್ಕು ಆದರೆ ಸಾಕು. ಸರ್ಕಾರದ ರಿಜಿಸ್ಟರಿನಲ್ಲಿ ಎರಡು ನಂಬರು ಆದವರು ನಮ್ಮ ಪುಸ್ತಕದಲ್ಲಿ ಒಬ್ಬ ಮನುಷ್ಯ ಆಗುತ್ತಾರೆ. ಅದನ್ನು ಹಿಡಕೊಂಡು ತಾಲ್ಲೂಕು ಆರೋಗ್ಯಾಧಿಕಾರಿಯ ಮುಂದೆ ಹೋಗೋಣ.

ಅಪ್ಪ ಈಗ ಸುಲಿಯುವುದಿಲ್ಲ. ಆಗುವುದಿಲ್ಲ. ಎರಡೂ ಚೀಟಿಗಳನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂರಿನ ಗಳುವಿಗೆ ಸಿಕ್ಕಿಸಿದ್ದಾನೆ. ಹೋದ ವಾರ ಯಜಮಾನರ ಮನೆಯಿಂದ ಮತ್ತೆ ಹೇಳಿಕಳಿಸಿದ್ದರು, ಅಪ್ಪನಿಗಲ್ಲ, ನನ್ನ ತಮ್ಮನಿಗೆ. ಅವನಿಗೆ ನಾಲ್ಕು ದಿನದಿಂದ ಕೆಮ್ಮು. ಅವ್ವ ಬಾಗಿಲಲ್ಲಿ ನಿಂತು "ಈ ಸಲ ಇಲ್ಲ ಅಂತ ಹೇಳು ಹೋಗಪ್ಪ" ಅಂದಳು. ಬಂದ ಹುಡುಗ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿದ.